ಬದುವಿನ ಸಾಲಿನ ನೀಲವ್ವ ಕಾಕು

ಉಳಿದ ಹೆಂಗಸರೆಲ್ಲ ಹೊಲದಲ್ಲಿ ತಮಗೆ ಬೇಕಾದ ಸಾಲು ಹಿಡಿದು ಕುಳಿತ ಮೇಲೆಯೇ, ಎಲ್ಲರೂ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ನೀಲವ್ವ ಕೂಡುತ್ತಿದ್ದಳು. ಉಳಿದದ್ದು ಆಕೆಯದು. ಅದು ಹೆಚ್ಚಾಗಿ ಬದುವಿಗೆ ಹತ್ತಿದ ಸಾಲು, ಕರಿಕೆ ಹುಲ್ಲು ಹಬ್ಬಿ ಕಳೆ ಕೀಳುವ ಕುರುಪಿಗೂ ಬಗ್ಗದಂಥದು. ಬೋರಾಮಣಿಯ ಸುತ್ತ ಕಳೆ ತೆಗೆಯುವ ಹನ್ನೆರಡು ಹೆಂಗಸರ ಟೋಳಿಗೆ ಆಕೆ ಮುಕಾದಮ. ಮುಕಾದಮರೆಂದರೆ ಬದುವಿನ ಮೇಲೆ ನಿಂತು ಎಲೆಯಡಿಕೆ ಜಗಿಯುತ್ತ ಗದರುವವರೇ ಬಹಳ. ಕಾಕು ಹಾಗಲ್ಲ. ತನ್ನ ಸಾಲು ಮುಗಿಸಿ, ಹಿಂದೆ ಬಿದ್ದವಳ ಸಾಲನ್ನು ಆಚೆ ತುದಿಯಿಂದ ತೆಗೆಯುತ್ತ ಆಕೆಗೆ ಎದುರಾಗಿ ಬರುತ್ತಿದ್ದಳು.

ನಾನು ಆಗಷ್ಟೇ ಸೊಲ್ಲಾಪುರದಲ್ಲಿ ಎಂಬಿಎ ಮುಗಿಸಿ, ಮಗಳಾದರೇನು, ಹೊಲ ನಾನೇ ನೋಡುತ್ತೇನೆಂದು ಹಟ ಹಿಡಿದಿದ್ದೆ. ಅಪ್ಪ ಎರಡೆಕರೆ ಉಳ್ಳಾಗಡ್ಡಿ ಒಪ್ಪಿಸಿದ. ಕೈಲಾಗದಿದ್ದರೆ ಹೊಲವನ್ನೆಲ್ಲ ವಳಸಂಗ ಊರಿನ ರೈತರಿಗೆ ಬೆಳೆಯ ಪಾಲಿಗೆ ಹಚ್ಚುತ್ತೇನೆ ಎಂದ. ನನ್ನ ತಲೆಯ ತುಂಬ ನಾಯಕತ್ವದ ಸಿದ್ಧಾಂತಗಳು: ಹುಕುಂ ನಡೆಸುವವರು, ಎಲ್ಲರನ್ನೂ ಕೇಳಿ ಮಾಡುವವರು, ಅವರವರ ಪಾಡಿಗೆ ಬಿಡುವವರು, ಬಹುಮಾನ ತೋರಿಸಿ ದುಡಿಸುವವರು. ಕಾಕು ಯಾವ ಖಾನೆಗೂ ಕೂಡಲಿಲ್ಲ. ಹಾವು ಕಂಡಾಗ ಯಾರನ್ನೂ ಕೇಳದೆ ಒಂದೇ ಮಾತಿಗೆ ಟೋಳಿಯನ್ನು ಬದು ಹತ್ತಿಸಿದವಳು, ಬುತ್ತಿ ಯಾವಾಗ ಬಿಚ್ಚುವುದೆಂದು ಮಾತ್ರ ಪ್ರತಿಯೊಬ್ಬಳನ್ನೂ ಕೇಳುತ್ತಿದ್ದಳು.

ನನಗೋ ಶಾಣ್ಯಾತನ ಜಾಸ್ತಿಯಾಗಿತ್ತು. ಮೊದಲು ಸಾಲು ಮುಗಿಸಿದವಳಿಗೆ ಇಳಕಲ್ ಸೀರೆ ಎಂದು ಸಾರಿಬಿಟ್ಟೆ. ಹರಟೆ ನಿಂತಿತು, ಕುರುಪಿಗಳು ಓಡಿದವು. ಮಧ್ಯಾಹ್ನ ನೋಡಿದರೆ ಕಳೆಯ ಗುಂಪಿಗಳ ತುಂಬ ಅವಸರದಲ್ಲಿ ಕಿತ್ತ ಉಳ್ಳಾಗಡ್ಡಿ ಸಸಿ! ಮುದುಕಿ ತಂಗೆವ್ವ ನಡುಹೊಲದಲ್ಲಿ ಉಳಿದಿದ್ದಳು, ಆಕೆಯ ಎದುರಿಗೆ ಕಾಕು ಒಬ್ಬಳೇ. ನನಗೆ ಅಳುವೇ ಬಂತು.

ಕಾಕು ಬೈಯಲಿಲ್ಲ. ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿಸಿ, ಬಿಸಿಲಿಳಿದ ಮೇಲೆ ಎಲ್ಲರ ಕೈಯಿಂದ ಮತ್ತೆ ಹಚ್ಚಿಸಿ ನೀರು ಬಿಡಿಸಿದಳು. ಗೆದ್ದ ಸರಸಿಗೆ ಸೀರೆ ಕೊಡಲು ನಾನು ಮೀನಮೇಷ ಎಣಿಸಿದರೆ, ಕೊಟ್ಟ ಮಾತು ನಡೆಸಲೇಬೇಕೆಂದು ಕೊಡಿಸಿದಳು. ಆಮೇಲೆ ಬದುವಿನ ಮೇಲೆ ನನ್ನ ಪಕ್ಕಕ್ಕೆ ಕುಳಿತಳು.

“ನಿನ್ನ ಪುಸ್ತಕದಾಗಿಂದು ಯಾವದೂ ಸುಳ್ಳಲ್ಲ ಯವ್ವಾ. ಹಾವು ಬಂದಾಗ ಹುಕುಂ ಬೇಕು. ಹಸಿವು ಆದಾಗ ಕೇಳಬೇಕು. ಸರಸಿ ಕೈ ಚಲೋ ಅದ, ಆಕಿನ್ನ ಸುಮ್ನ ಬಿಡಬೇಕು. ಆದ್ರ ಏನ ಮಾಡಿದ್ರೂ, ಹಿಂದ ಯಾರು ಉಳದಾರ ಅಂತ ಮೊದಲ ನೋಡು.”

ಎರಡನೆಯ ಸಲ ಕಳೆ ತೆಗೆಯುವಾಗ ಕಾಕು ಇರಲಿಲ್ಲ. ದುಧನಿಗೆ ಮಗಳ ಮನೆಗೆ ಹೋದವಳು ಜ್ವರ ಬಂದು ಅಲ್ಲೇ ತೀರಿಕೊಂಡಳು. ಮಣ್ಣಿಗೆ ಹೋಗಿ ಮನಸಾರೆ ಅತ್ತು ಬಂದೆ. ಟೋಳಿ ಒಡೆಯಿತೆಂದು ಊರೇ ಅಂದುಕೊಂಡಿತ್ತು. ಆದರೂ ಹೆಂಗಸರು ಬಂದರು, ಸಾಲು ಹಿಡಿದರು. ಬದುವಿನ ಸಾಲು ಖಾಲಿ ಉಳಿಯಿತು. ಓಢಣಿಯನ್ನು ಸೊಂಟಕ್ಕೆ ಬಿಗಿದು ನಾನು ಅಲ್ಲಿ ಕುಳಿತೆ. ಕರಿಕೆ ಅಂಗೈ ಕೊಯ್ಯಿತು. ಹೇಗೋ ಮುಗಿಸಿ, ಆಚೆ ತುದಿಯಿಂದ ತಂಗೆವ್ವನ ಸಾಲಿಗೆ ಎದುರಾಗಿ ಬರುತ್ತಿದ್ದೆ. ಅಷ್ಟರಲ್ಲಿ ವಳಸಂಗದವರು ಪಾಲಿನ ಮಾತಿಗೆ ಬಂದು ಅಪ್ಪನ ಜೊತೆ ಬದುವಿನ ಮೇಲೆ ನಿಂತಿದ್ದರು. ಅಪ್ಪ ನನ್ನನ್ನು ನೋಡಿ ಅವರ ಕಡೆ ತಿರುಗಿದ.

“ಹೊಲ ಪಾಲಿಗಿ ಇಲ್ರಿ. ಮುಕಾದಮ ಸಿಕ್ಕಾಳ.”