ನೆಟಿಕೆ ಮುರಿದ ಅಜ್ಜಿ

"ಮಗೀನ ತೂಕ ವಯಸ್ಸಿಗೆ ಇರ್ಬೇಕಾದ್ದಕ್ಕಿಂತ ಜಾಸ್ತಿ ಅದೆ ಕಣಜ್ಜಿ" ಎಂದರು, ಕುಂತೂರಿನ ಶಾಲೆಗೆ ತಪಾಸಣೆಗೆ ಬಂದಿದ್ದ ನರ್ಸಮ್ಮ. ನನ್ನ ಹೆಂಡತಿ ತಕ್ಷಣ ಮೊಮ್ಮಗಳ ಕೆನ್ನೆ ಸವರಿ, ನೆಟಿಕೆ ಮುರಿದು ದೃಷ್ಟಿ ತೆಗೆದಳು. "ತುಪ್ಪ ಬೆಲ್ಲ ಆಕಿ ಸಾಕಿವ್ನಿ. ಕಣ್ಣಾಕ್ಬ್ಯಾಡ ಕಣವ್ವ!"

"ಇಂಗೇ ಬುಟ್ರೆ ಚಿಕ್ಕ ವಯಸ್ಗೇ ಶುಗರ್ ಬತ್ತದೆ ಅಜ್ಜಿ. ತಾಲ್ಲೂಕು ಆಸ್ಪತ್ರೆಗೆ ಕರ್ಕಬನ್ನಿ, ಏನು ತಿನ್ಸ್ಬೇಕು ಅಂತ ಯೋಳ್ಕೊಡ್ತಾರೆ."

ದಿನವೂ ಬೇಕರಿ ಪೊಟ್ಟಣ ತರುವ ಮಹತ್ಕಾರ್ಯ ನನ್ನದಾದ್ದರಿಂದ, ನಾನು ಗೋಡೆಯ ಭೂಪಟವನ್ನು ಗಂಭೀರವಾಗಿ ಪರಿಶೀಲಿಸತೊಡಗಿದೆ. ಆಗ ಮೊಮ್ಮಗಳು ನನ್ನ ಪಂಚೆ ಜಗ್ಗಿ, "ಓಗಣ ತಾತ. ಕುಂಟೆಬಿಲ್ಲೆ ಆಡುವಾಗ ನಂಗೆ ಉಸ್ರು ಕಟ್ತದೆ" ಎಂದಳು. ಮತ್ತೊಮ್ಮೆ ದೃಷ್ಟಿ ತೆಗೆಯಲು ಎದ್ದಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

ಆಸ್ಪತ್ರೆಗೆ ಹೋದೆವು. ಅಂದಿನಿಂದ ಪೊಟ್ಟಣ ಬಂದಿಲ್ಲ. ಸಂಜೆ ಮೂವರೂ ನಡೆಯುತ್ತೇವೆ. ನಿನ್ನೆ ಮೊಮ್ಮಗಳು ಕುಂಟೆಬಿಲ್ಲೆಯ ಅಷ್ಟೂ ಮನೆ ಕುಂಟಿ ದಾಟಿದಳು. ಹೆಂಡತಿ ಬೀದಿಗೇ ಇಳಿದು ನೆಟಿಕೆ ಮುರಿದಳು.