ನಾನು ಕಡೆದ ಹಿತ್ತಾಳೆ ಡ್ರಿಪ್ಪರುಗಳು

ಕೈಯಲ್ಲಿ ತೂಗಿ ನೋಡದೆ ಯಾವ ಸಾಮಾನನ್ನೂ ಕೊಳ್ಳದವರ ಪಂಗಡಕ್ಕೆ ಸೇರಿದವನು ನಾನು. ತೆಂಗಿನಕಾಯಿಯಿಂದ ಬಾಗಿಲ ಚಿಲಕದವರೆಗೆ, ಅಂಗೈಗೆ ಭಾರವೆನಿಸದ ವಸ್ತುವಿನ ಮೇಲೆ ನನಗೆ ಗೌರವ ಹುಟ್ಟುವುದಿಲ್ಲ. ಏಳನೇ ಇಯತ್ತೆಗೇ ಶಾಲೆಗೆ ಶರಣು ಹೇಳಿ ಹರಿಹರದ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಮುಂದೆ ನಿಂತವನಿಗೆ ಕಬ್ಬಿಣ, ಹಿತ್ತಾಳೆಗಳೇ ಗುರುಗಳಾದುದರಿಂದ, ಪ್ಲಾಸ್ಟಿಕ್ಕಿನ ವಿಷಯದಲ್ಲಿ ಒಂದು ಬಗೆಯ ಕುಲೀನ ತಿರಸ್ಕಾರ ಬೆಳೆದದ್ದು ಸಹಜವೆಂದು ನೀವೂ ಒಪ್ಪುತ್ತೀರಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ಹದಡಿಯಲ್ಲಿದ್ದ ನಮ್ಮ ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಔಷಧಿಯ ಹನಿ ಹಾಕಲು ಮಗಳು ಹತ್ತಿರವಿರಬೇಕಿತ್ತು. ಆದರೆ ಮಗಳು, ಅಂದರೆ ನನ್ನ ಹೆಂಡತಿ ಗಿರಿಜಾ, ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಗೋಡೆಗುಂಟ ಬೆಳೆಸಿದ್ದ ಕನಕಾಂಬರ, ಮಲ್ಲಿಗೆಗಳನ್ನು ನನ್ನ ಕೈಗೊಪ್ಪಿಸಲು ಸುತರಾಂ ಸಿದ್ಧಳಿರಲಿಲ್ಲ. ಹಿಂದೊಮ್ಮೆ ನಾನು ಬಕೆಟ್ಟಿನಿಂದ ನೀರು ಸುರಿದ ರಭಸಕ್ಕೆ ಬೇರುಗಳು ಬಯಲಿಗೆ ಬಂದ ಚರಿತ್ರೆ ಅವಳಿಗೆ ಬಾಯಿಪಾಠ. ಮಾಳಿಗೆಯ ಮೇಲೊಂದು ಡ್ರಮ್ಮಿಟ್ಟು ಹನಿ ನೀರಾವರಿ ಮಾಡುತ್ತೇನೆ, ಬೆಳಿಗ್ಗೆ ವಾಲ್ವು ತಿರುವಿ ಹರಿಹರದ ಬಸ್ಸು ಹತ್ತಿದರಾಯಿತು, ನೀನು ಭಾನುವಾರ ಸಂಜೆ ನಿಶ್ಚಿಂತೆಯಿಂದ ಹೊರಡು ಎಂದು ಮಾತು ಕೊಟ್ಟೆ.

ಪಿ.ಜೆ. ಬಡಾವಣೆಯ ಅಂಗಡಿಯಾತ ಕಪ್ಪು ಪೈಪು, ಫಿಲ್ಟರು, ವಾಲ್ವು ಕೊಟ್ಟು, ಕೊನೆಗೆ ನೀರು ತೊಟ್ಟಿಕ್ಕುವ ಡ್ರಿಪ್ಪರು ಮುಂದಿಟ್ಟ. ಊದಿದರೆ ಹಾರುವಂತಿತ್ತು.

"ಇದೇನಪ್ಪ, ಅಂಗಿ ಗುಂಡಿ ಇದ್ದಂಗೈತೆ?"

"ಅಣ್ಣಾರೆ, ಅದರಾಗೇ ಐತ್ರಿ ಎಲ್ಲಾ."

"ಬ್ಯಾಡ. ಇದನ್ನ ನಾನೇ ಮಾಡ್ಕೊಂತೀನಿ."

ಶನಿವಾರ ಕೆಲಸ ಮುಗಿದ ಮೇಲೆ ಲೇತಿಗೆ ಹಿತ್ತಾಳೆ ಸರಳು ಕೊಟ್ಟು ಕಡೆದೆ. ಒಂದೊಂದೂ ದೇವರಮನೆಯಲ್ಲಿಡಲು ಯೋಗ್ಯ. ತೂತಂತೂ ಸೂಜಿ ಹೊಕ್ಕಂತೆ ನೇರ.

ಭಾನುವಾರ ಮಧ್ಯಾಹ್ನ ವಾಲ್ವು ತಿರುವಿದೆ. ಮೊದಲ ಕನಕಾಂಬರದ ಬುಡದಲ್ಲಿ ಕೆರೆಯೇ ನಿಂತಿತು; ನಡುವಿನವಕ್ಕೆ ನೂಲಿನಂಥ ಧಾರೆ; ತುದಿಯ ಮಲ್ಲಿಗೆಗೆ ಏನೂ ಇಲ್ಲ. ಡ್ರಮ್ಮನ್ನು ಕಲ್ಲಿನ ಮೇಲೇರಿಸಿದೆ. ಕೆರೆ ದೊಡ್ಡದಾಯಿತು. ವಾಲ್ವನ್ನು ತುಸು ಬಿಗಿ ಮಾಡಿದೆ. ಆ ನೂಲೂ ಕಡಿದುಹೋಯಿತು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಗಿರಿಜಾ ಚೀಲ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ಅವ್ವನ ಕಣ್ಣಿಗೆ ಹನಿ ಹಾಕಾಕ ಹೊಂಟೀನ್ರಿ. ನಿಮ್ಮ ಹನಿ ಯಾವಾಗ ಬರೋದು?"

"ಬರ್ತೈತೆ, ತಡಿ."

"ಕೊನೇ ಬಸ್ಸು ಹೋದಮ್ಯಾಲೇನು?" ಎಂದವಳು ಚೀಲದ ಗಂಟು ಬಿಚ್ಚತೊಡಗಿದಳು. "ಬಿಡ್ರಿ, ಹೋಗಂಗಿಲ್ಲ ನಾನು. ತಮ್ಮನ ಹೆಂಡ್ತಿ ಹೆಂಗಾರ ಹಾಕ್ತಾಳೆ. ಅವ್ವ ಇರೋ ಒಂದು ಕಣ್ಣಾಗೆ ದಾರಿ ನೋಡ್ತಾ ಕುಂತಿರ್ತಾಳೆ, ಅಷ್ಟೆ."

ವಾಲ್ವು ಮುಚ್ಚಿ, ಅಂಗಡಿಗೆ ಹೋಗಲು ಸ್ಕೂಟರ್ ಹತ್ತಿದೆ.

ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. "ಯಾಕ್ರಿ ಅಣ್ಣಾರೆ, ನಿಮ್ಮ ಗುಂಡಿ ಕಿತ್ತೋದ್ವೇನು?" ಎಂದು ಅಂಗಡಿಯಾತ ನಗುತ್ತಿದ್ದಂತೆಯೇ ಅವನ ಒಂದು ಡ್ರಿಪ್ಪರನ್ನು ಕೈಗೆತ್ತಿಕೊಂಡು ಬ್ಲೇಡಿನಿಂದ ಸೀಳಿ ನೋಡಿದೆ. ಒಳಗೆ ಹಾವು ಹರಿದಂತೆ ಅಂಕುಡೊಂಕಿನ ಸಣ್ಣ ಕಾಲುವೆ! ತಿರುವು ತಿರುವಿಗೂ ಎಡವಿ, ಸೊಕ್ಕು ಕಳೆದುಕೊಂಡ ನೀರು ಹನಿಯಾಗಿ ಹೊರಗೆ ಬರಬೇಕು. ಮೊದಲ ಗಿಡದ ಹತ್ತಿರ ಅದನ್ನು ಹೀಗೆ ತಡೆದರೆ ಮಾತ್ರ ತುದಿಯ ಗಿಡಕ್ಕೆ ಪಾಲು ಉಳಿಯುತ್ತದೆ. ಇಡೀ ಆಯುಷ್ಯ ತೂತನ್ನು ನೇರ ಕೊರೆಯುವುದೇ ವಿದ್ಯೆಯೆಂದುಕೊಂಡಿದ್ದ ನಾನು, ಬೇಕೆಂದೇ ಸೊಟ್ಟಗೆ ಮಾಡಿದ ಆ ಕೆಲಸದ ನಯವನ್ನು ನೋಡುತ್ತ ಒಂದು ಗಳಿಗೆ ಬಸ್ಸನ್ನೂ ಮರೆತೆ.

"ನೀನೇ ಆರಿಸಿ ಕೊಡಪ್ಪ," ಎಂದೆ. ಹಿತ್ತಾಳೆಯವು ಕೂರಲೆಂದು ಹಳೆಯ ಪೈಪಿಗೆ ದೊಡ್ಡ ತೂತು ಹೊಡೆದಿದ್ದೆನಾದ್ದರಿಂದ ಸಣ್ಣ ತೂತಿನ ಹೊಸ ಪೈಪೂ ಬೇಕಾಯಿತು.

ಮನೆಯಲ್ಲಿ ಅವಳು ಮಲ್ಲಿಗೆಯ ಕಡೆಯಿಂದ, ನಾನು ಡ್ರಮ್ಮಿನ ಕಡೆಯಿಂದ, ಪಾನಾ ಸ್ಕ್ರೂಡ್ರೈವರುಗಳ ಹಂಗಿಲ್ಲದೆ ಬರಿಗೈಯಲ್ಲೇ ಒತ್ತಿ ಕೂರಿಸಿದೆವು. ವಾಲ್ವು ತಿರುವಿದೆ. ಪೈಪಿನೊಳಗೆ ಗಾಳಿ ಗೊರಗೊರ ಎಂದಿತು. ಮೊದಲ ಗಿಡಕ್ಕೆ ಹನಿ, ಎರಡನೆಯದಕ್ಕೆ ಹನಿ. ಮಲ್ಲಿಗೆಯ ಬುಡದಲ್ಲಿ ಒಂದು ಹನಿ ಮೂಡಿ, ಉಬ್ಬಿ, ಬೀಳದೆ ತೂಗಿತು. ಇಬ್ಬರೂ ಬಗ್ಗಿ ನೋಡಿದೆವು. ಬಿತ್ತು. ಅದರ ಹಿಂದೆಯೇ ಇನ್ನೊಂದು.

ಗಿರಿಜಾ ಮಣ್ಣನ್ನು ಬೆರಳಿಂದ ಒತ್ತಿ ನೋಡಿ, ಕೈಯನ್ನು ನನ್ನ ಹೆಗಲ ಟವೆಲಿಗೆ ಒರೆಸಿದಳು.

"ಸ್ಕೂಟರ್ ಹೊರಗೇ ಇರ್ಲಿ. ಬಸ್‌ಸ್ಟ್ಯಾಂಡಿಗೆ ಬಿಡ್ರಿ."

ಕೊನೆಯ ಬಸ್ಸು ಸಿಕ್ಕಿತು. ಅದು ಹೊರಡುವಾಗ ಕಿಟಕಿಯಿಂದ ಕತ್ತು ಚಾಚಿ, ಮಜ್ಜಿಗೆ ಎಲ್ಲಿದೆ, ರೊಟ್ಟಿ ಎಲ್ಲಿದೆ ಎಂದು ಕೂಗಿ ಹೇಳಿದಳು. ಗಿಡದ ಮಾತೇ ಎತ್ತಲಿಲ್ಲ.