ರಾಗ ಎಳೆಯುವ ವಿದ್ಯೆ

ನನಗೆ ಸಂಗೀತ ಬರುವುದಿಲ್ಲ. ಆದರೂ ಚಿಕ್ಕವಳಿದ್ದಾಗ ದಿನವಿಡೀ ರಾಗ ಎಳೆಯುತ್ತಿದ್ದೆ ಎಂಬುದಕ್ಕೆ ಹನುಮಸಾಗರದಲ್ಲಿ ಈಗಲೂ ಸಾಕ್ಷಿಗಳಿದ್ದಾರೆ. ಶಾಲೆಗೆ ಹೋಗುವುದಕ್ಕೊಂದು ರಾಗ, ತಲೆ ಬಾಚಿಸಿಕೊಳ್ಳುವುದಕ್ಕೊಂದು, ತಂಗಳ ರೊಟ್ಟಿಗೆ ಇನ್ನೊಂದು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ರಾಗ ಎಳೀಬ್ಯಾಡ, ಸುಮ್ನ ಉಣ್ಣು" ಎನ್ನುತ್ತಿದ್ದಳು.

ಪಂಡಿತರನ್ನು ಕೇಳಿದರೆ ರಾಗವೆಂದರೆ ಬಣ್ಣ ಎನ್ನುತ್ತಾರೆ. ಮೊದಲು ಬಟ್ಟೆಗೆ ಏರುತ್ತಿದ್ದ ಬಣ್ಣ ಆಮೇಲೆ ಮನಸ್ಸಿಗೂ ಏರಿ ಅನುರಾಗವಾಯಿತಂತೆ. ಬಣ್ಣ ಬಿಟ್ಟರೆ ವಿರಾಗ. ಇಷ್ಟು ಘನವಾದ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಪಾಪ, ಕವಡೆ ಕಿಮ್ಮತ್ತಿಲ್ಲ. ಕೊಪ್ಪಳದ ನಮ್ಮ ಕಚೇರಿಯಲ್ಲಿ ರಜೆ ಕೇಳಿದರೆ ಸಾಹೇಬರು ರಾಗ ತೆಗೆಯುತ್ತಾರೆ. ಗಂಗಾವತಿಯ ಬೀಗರಂತೂ ತಮ್ಮ ಮಂಡಿನೋವಿನ ಸುದ್ದಿ ಎತ್ತಿದರೆ ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಕಾಲುವೆ ನೀರು ನಿಂತರೂ ಅವರ ರಾಗ ನಿಲ್ಲುವುದಿಲ್ಲ.

ನಮ್ಮಲ್ಲಿ ರಾಗಕ್ಕೆ ಮರ್ಯಾದೆ ಇದ್ದದ್ದು ಸತ್ತವರ ಮುಂದೆ. ಹೆಂಗಸರು ಬರೀ ಅಳುತ್ತಿರಲಿಲ್ಲ, ಹಾಡ್ಯಾಡಿ ಅಳುತ್ತಿದ್ದರು. ಹೋದವರು ಉಟ್ಟದ್ದು, ಉಣಿಸಿದ್ದು, ಬೈದದ್ದು ಎಲ್ಲವೂ ರಾಗದಲ್ಲಿ ಬರುತ್ತಿತ್ತು. ಅಜ್ಜಿ ಅದರಲ್ಲಿ ಎತ್ತಿದ ಕೈ. ಅವಳು ಬಂದು ಕೂತ ಮೇಲೆಯೇ ಓಣಿಯ ಅಳುವಿಗೆ ಕಳೆ ಬರುತ್ತಿತ್ತು. ಜಗಳವಾಡಿ ಮಾತು ಬಿಟ್ಟಿದ್ದ ಪಕ್ಕದ ಮನೆಯವಳನ್ನೂ ಅವಳು ಹಾಡ್ಯಾಡಿಯೇ ಕಳಿಸಿದಳು, ಆಕೆಯ ಬೈಗುಳ ಒಂದನ್ನೂ ಬಿಡದೆ, ಅಷ್ಟೇ ಪ್ರೀತಿಯಿಂದ. ನಾವೀಗ ಓದಿದವರು; ಕರವಸ್ತ್ರ ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತೇವೆ.

ಅಜ್ಜಿಯ ಚಿಂತೆಯೂ ಇದೇ. ಮೊನ್ನೆ ಊರಿಗೆ ಹೋದಾಗ, ಹೊರಸಿನ ಮೇಲೆ ಮಲಗಿದ್ದವಳು ನನ್ನ ಕೈ ಹಿಡಿದುಕೊಂಡಳು. ಓಣಿಯವರನ್ನೆಲ್ಲ ಹಾಡ್ಯಾಡಿ ಕಳಿಸಿದವಳು ತಾನು. ತನ್ನನ್ನು ಮಾತ್ರ ಎಲ್ಲರೂ ಬಾಯಿ ಮುಚ್ಚಿಕೊಂಡು ಕಳಿಸಿಬಿಡುತ್ತಾರೆಂದು ಅವಳಿಗೆ ಹೆದರಿಕೆ.

"ನಾ ಹ್ವಾದಾಗ ಏನಂತ ಹಾಡ್ಯಾಡಿ ಅಳ್ತಿ? ಈಗ ಅಂದು ತೋರಸು. ಆಮ್ಯಾಲೆ ನನಗ ಕೇಳಸೂದಿಲ್ಲ."

ನನಗೆ ನಗು ಬಂತು. ಅಡುಗೆಮನೆಯಿಂದ ಚಿಕ್ಕಮ್ಮ, ಬದುಕಿದವರ ಮುಂದೆ ಅಳುವುದು ಅಪಶಕುನವೆಂದು ಗದರಿದಳು. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕದ ಮುಂದೆ ಮಾಡಿ, ನಾಚಿಕೆ ಬಿಟ್ಟು ಶುರು ಮಾಡಿದೆ.

"ಬಿಸಿ ರೊಟ್ಟಿ ನನಗಿಟ್ಟು ತಂಗಳ ತಾ ಉಂಡಾಕಿ, ನನ್ನವ್ವಾ..."

"ಸುಳ್ಳು ಹೇಳಬ್ಯಾಡ," ಅಜ್ಜಿ ತಡೆದಳು, "ತಂಗಳ ನಿನಗೂ ಹಾಕೀನಿ."

ಅತ್ತು ಕಳಿಸುವಾಗಲೂ ಇದ್ದದ್ದನ್ನೇ ಹೇಳಬೇಕು, ಹೊಗಳಿದರೆ ಬೇರೆ ಯಾರನ್ನೋ ಅತ್ತಂತಾಗುತ್ತದೆ ಎಂದು ತಿದ್ದಿದಳು. ಸರಿ, ಮತ್ತೆ ಎತ್ತಿಕೊಂಡೆ. ತಂಗಳ ರೊಟ್ಟಿ ಹಾಕಿದಾಕಿ, ಮ್ಯಾಲ ಶೇಂಗಾ ಹಿಂಡಿ ನೀಡಿದಾಕಿ, ಜಗ್ಗಿ ಜಗ್ಗಿ ಜಡಿ ಹೆಣದಾಕಿ, ರಾಗ ಎಳೀಬ್ಯಾಡಂತ ಬೈದಾಕಿ ನನ್ನವ್ವಾ... ಅಲ್ಲಿಗೆ ನನ್ನ ದನಿ ಒಡೆಯಿತು. ಇವಳು ನಿಜವಾಗಿಯೂ ಹೋಗಿಬಿಡುತ್ತಾಳೆಂದು ನನಗೆ ಆಗಲೇ ಗೊತ್ತಾದದ್ದು.

ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಣ್ಣಂಚಿನ ನೀರು ದಿಂಬಿಗೆ ಇಳಿಯುತ್ತಿತ್ತು. ನಾನು ಸುಮ್ಮನಾದದ್ದು ತಿಳಿದು ನನ್ನ ಕೈಯನ್ನು ಮೆಲ್ಲಗೆ ಅಲುಗಿಸಿದಳು.

"ಯಾಕ ನಿಲ್ಲಿಸಿದಿ? ಛಲೋ ಬರಾಕತ್ತಿತ್ತು. ಇನ್ನೊಂದೀಟು ರಾಗ ಎಳಿ."